ಕಲಾಯಿ ಪಕೀರಮ್ಮನ ಬಿಳಿ ಅರಿವೆ

ಕಲಾಯಿ ಅಂದರೆ ಕೈಕೆಲಸ ಎಂದು ಜನ ತಿಳಿದಿರುತ್ತಾರೆ. ಅದರಲ್ಲಿ ಅರ್ಧ ಕಾಲಿನ ಕೆಲಸ. ಕಿಲುಬು ಹಿಡಿದ ಹಿತ್ತಾಳೆಯ ಹಂಡೆಯೊಳಗೆ ಮರಳು, ಇಟ್ಟಿಗೆಪುಡಿ, ಹಿಂಡಿದ ಹುಣಸೆ ಹಾಕಿ, ಮೇಲೆ ಗೋಣಿಯ ತುಂಡು ಹಾಸಿ, ಯಾರಾದರೂ ಅದರೊಳಗೆ ಇಳಿದು ನಿಲ್ಲಬೇಕು. ಗೋಡೆಗೆ ಕೈ ಊರಿ, ಸೊಂಟ ತಿರುಗಿಸುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಿದ್ದರೆ ಅಂಗಾಲಿನ ಕೆಳಗೆ ಪಾತ್ರೆ ಬೆಳಗುತ್ತದೆ. ಆಮೇಲೆ ತಿದಿ ಒತ್ತಿ ಇದ್ದಲು ಕೆಂಪಾಗಿಸಬೇಕು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಚೆಲ್ಲಿ, ತವರದ ಕಡ್ಡಿ ತಾಗಿಸಿ, ಕರಗಿದ್ದನ್ನು ಅರಳೆಯ ಉಂಡೆಯಿಂದ ಒಳಗೆಲ್ಲ ಬಳಿಯಬೇಕು. ಇಷ್ಟಾದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತದೆ, ಹುಳಿ ಬೇಯಿಸಿದರೂ ಕಿಲುಬು ಬಿಡುವುದಿಲ್ಲ.

ರಾಯಚೂರಿನಲ್ಲಿ, ತೀನ್ ಕಂದೀಲಿನ ಹಿಂದಿನ ಗಲ್ಲಿಯ ಪೀರಾ ಸಾಬನ ಭಟ್ಟಿಯಲ್ಲಿ, ಈ ಕಾಲಿನ ಕೆಲಸ ಮತ್ತು ತಿದಿಯ ಕೆಲಸ ಎರಡೂ ಪಕೀರಮ್ಮನವು. ದೊಡ್ಡ ದೊಡ್ಡ ಮನೆಗಳ ಬೋಗುಣಿಯೊಳಗೆ ಅವಳು ಬರಿಗಾಲಲ್ಲಿ ನಿಲ್ಲುತ್ತಿದ್ದಳು. ಅದೇ ಮನೆಗಳ ಹೊಸ್ತಿಲನ್ನು ಅವಳು ದಾಟುವಂತಿರಲಿಲ್ಲ. ಬೆಂಕಿ ಕಂಡ ಪಾತ್ರೆಗೆ ಮೈಲಿಗೆ ಇಲ್ಲ ಎಂಬುದು ಊರಿನ ಲೆಕ್ಕ. ಅವಳು ಅದನ್ನು ನೆನೆದು ನಗುತ್ತಿದ್ದಳು.

ಅವಳ ತವರು ದೇವದುರ್ಗದ ಹತ್ತಿರದ ಒಂದು ಹಳ್ಳಿ. ಅವ್ವ ಅಪ್ಪನಿಗೆ ಹುಟ್ಟಿದ ಮಕ್ಕಳು ಉಳಿಯದೆ, ಕೊನೆಗೆ ಊರ ಹೊರಗಿನ ದರ್ಗಾದಲ್ಲಿ ಹರಕೆ ಹೊತ್ತ ಮೇಲೆ ಹುಟ್ಟಿ ಉಳಿದವಳಾದ್ದರಿಂದ ಪಕೀರಮ್ಮ ಎಂದು ಹೆಸರಿಟ್ಟಿದ್ದರು. ಗಂಡ ಸುಂಕಪ್ಪ ರಾಯಚೂರಿನ ಒಂದು ಹತ್ತಿ ಜಿನ್ನಿನಲ್ಲಿ ಹಮಾಲಿ. ಮಾತು ಕಡಿಮೆ, ಬೆನ್ನು ಗಟ್ಟಿ. 1939ರಲ್ಲಿ ಮೊದಲ ಮಗಳು ಅಮರಮ್ಮ ಹುಟ್ಟಿದಳು. ಒಂಬತ್ತು ತಿಂಗಳಿಗೇ ಗೋಡೆ ಹಿಡಿದು ನಿಂತಳು, ವರ್ಷಕ್ಕೆ ಅಜ್ಜಿಯ ಮಾತನ್ನು ಅಣಕಿಸಿದಳು. ಅವಳು ಹಾಲು ಬಿಟ್ಟ ಮೇಲೆಯೇ ಪಕೀರಮ್ಮ ಭಟ್ಟಿಯ ಕೆಲಸಕ್ಕೆ ಸೇರಿದ್ದು.

ಪೀರಾ ಸಾಬ ಒಳ್ಳೆಯ ಕಸಬುಗಾರ. ಮೊದಲ ವಾರವೇ ಅವಳ ಕಿವಿಯ ಹತ್ತಿರ ತವರದ ಕಡ್ಡಿಯೊಂದನ್ನು ಹಿಡಿದು ಬಗ್ಗಿಸಿದ್ದ. ಒಣ ಕಡ್ಡಿ ಮುರಿದಂತೆ, ಒಳಗೆಲ್ಲೋ ಚಿರ್ರ್ ಎಂದಿತು.

"ಕೇಳಿದ್ಯಾ? ತವರ ಬಗ್ಗಿಸಿದ್ರ ಚೀರತದ. ಚೀರಲಿಲ್ಲ ಅಂದ್ರ ಅದರಾಗ ಏನರ ಕಲಸ್ಯಾರ ಅಂತ ತಿಳ್ಕೊ," ಎಂದಿದ್ದ.

1942ರ ಬೇಸಿಗೆಯಲ್ಲಿ ತವರ ಸಿಗದಾಯಿತು. ಜಪಾನಿನವರು ಮಲಯಾ ಹಿಡಿದರಂತೆ, ತವರವೆಲ್ಲ ಅಲ್ಲಿಂದಲೇ ಬರುತ್ತಿತ್ತಂತೆ ಎಂದು ಬಜಾರಿನಲ್ಲಿ ಮಾತಾಡಿಕೊಂಡರು. ಪೀರಾ ಸಾಬನಿಗೆ ತವರ ಕೊಡುತ್ತಿದ್ದವನು ಪಾತ್ರೆ ವ್ಯಾಪಾರಿ ರಾಮಲಿಂಗಪ್ಪ. ಭಟ್ಟಿ ಇದ್ದ ಜಾಗವೂ ಅವನದೇ. ಅವನು ಒಂದು ದಿನ ಕೈಗಾಡಿಯಲ್ಲಿ ಹಳೆಯ ಬ್ಯಾಟರಿಗಳ ಸೀಸದ ತಗಡುಗಳನ್ನು ತಂದು ಇಳಿಸಿದ. ಇದ್ದಷ್ಟು ತವರಕ್ಕೆ ಎರಡು ಪಾಲು ಇದನ್ನು ಕರಗಿಸಿ ಬೆರೆಸು ಎಂದ. ಪೀರಾ ಸಾಬ ತಲೆ ಕೆರೆದುಕೊಂಡ. ಸೀಸದ ಕಲಾಯಿ ಬೇಗ ಕಪ್ಪಾಗುತ್ತದೆ, ಗಿರಾಕಿಗಳು ಬೈಯುತ್ತಾರೆ ಎಂದ.

"ಯುದ್ಧ ನಡದದ. ಬೈಯೋರು ಜಪಾನಿಗೆ ಹೋಗಿ ಬೈಲಿ," ಎಂದ ರಾಮಲಿಂಗಪ್ಪ.

ಅಂದಿನಿಂದ ಸೀಸ ಕರಗಿಸುವ ಕೆಲಸವೂ ಪಕೀರಮ್ಮನ ಪಾಲಿಗೆ ಬಂತು. ಕಬ್ಬಿಣದ ಬಾಣಲೆಯಲ್ಲಿ ಅದು ಸುಲಭವಾಗಿ ಕರಗುತ್ತಿತ್ತು. ಮೇಲೆ ಕೂಡುವ ಬೂದು ಕೆನೆಯನ್ನು ಸೌಟಿನಿಂದ ತೆಗೆದು ಮೂಲೆಗೆ ಚೆಲ್ಲುವಳು. ಅದು ಒಣಗಿ ಪುಡಿಯಾಗಿ, ತಿದಿಯ ಗಾಳಿಗೆ ಹಾರಿ ಸೀರೆ, ಕೂದಲು, ರೊಟ್ಟಿಯ ಗಂಟು ಎಲ್ಲದರ ಮೇಲೂ ಕೂರುವುದು. ಮಧ್ಯಾಹ್ನ ಅಲ್ಲೇ ಕೈ ಒರೆಸಿಕೊಂಡು ರೊಟ್ಟಿ ತಿನ್ನುವಳು. ಬಾಯಲ್ಲಿ ಏನೋ ಸಿಹಿ ಸಿಹಿ ಅನ್ನಿಸುತ್ತಿತ್ತು. ಹೊಟ್ಟೆ ಗಂಟು ಕಟ್ಟಿದಂತೆ ಹಿಂಡುತ್ತಿತ್ತು. ದಸರೆ ಕಳೆದು ಮುಟ್ಟು ನಿಂತಿತು. ಹೊಟ್ಟೆನೋವು ಬಸಿರಿನದೇ ಇರಬೇಕೆಂದು ಸುಮ್ಮನಾದಳು. ಎಂಟನೆಯ ತಿಂಗಳ ತನಕ ಬಾಣಲೆಯ ಮುಂದೆ ಕೂತಳು, ಹಂಡೆಯೊಳಗೆ ನಿಂತು ತಿರುಗಿದಳು.

ಸೂಗಮ್ಮ ಹುಟ್ಟಿದ್ದು ಮರುವರ್ಷದ ಮಳೆಗಾಲದಲ್ಲಿ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ಬಡಿದರೂ ಮಗು ಬೆಕ್ಕಿನ ಮರಿಯಷ್ಟೇ ಅತ್ತಿತು. ಮೊಲೆ ಬಾಯಿಗಿಟ್ಟರೆ ಚೀಪುವುದನ್ನು ಮರೆತು ನಿದ್ದೆ ಹೋಗುತ್ತಿತ್ತು. ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ವರ್ಷವಾದರೂ ಕೂರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆಗಾಗ ಕಣ್ಣು ಮೇಲಕ್ಕೆ ಸಿಕ್ಕಿ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು.

ಅತ್ತೆ ಬಸ್ಸಮ್ಮ ಕೆಟ್ಟವಳಲ್ಲ. ಆದರೆ ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ನಂಬಿದವಳು, ಹತ್ತಿರದಲ್ಲಿ ಸಿಕ್ಕ ಕಾರಣ ಸೊಸೆ.

"ಬಸುರಿ ಹೆಣ್ಣು ಪಾತ್ರ್ಯಾಗ ನಿಂತು ಗರಗರ ತಿರುಗಿದ್ರ ಒಳಗಿನ ಕೂಸಿನ ತಲಿ ತಿರಗದs ಇರ್ತದೇನು? ನಾ ಆಗs ಹೇಳಿದ್ದೆ," ಎಂದಳು.

ಓಣಿಯಲ್ಲಿ ಬೇರೆ ಬೇರೆ ಮಾತು ಹುಟ್ಟಿದವು. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಹೋಗಿದ್ದಳು, ಹಿಂದಿನ ಜನ್ಮದ್ದು. ಪಕೀರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಯಾವುದನ್ನೂ ಒಪ್ಪಲಿಲ್ಲ, ಅಲ್ಲ ಅನ್ನಲಿಕ್ಕೆ ಅವಳ ಕೈಯಲ್ಲಿ ಬೇರೆ ಕಾರಣವೂ ಇರಲಿಲ್ಲ. ಮಗುವನ್ನು ಭಟ್ಟಿಯ ಹೊರಗೆ ಜೋಳಿಗೆಯಲ್ಲಿ ಮಲಗಿಸಿ ಕೆಲಸ ಮುಂದುವರಿಸಿದಳು. ಆಮೇಲೆ ಎರಡು ಬಸಿರು ನಿಂತವು, ಎರಡೂ ಮೂರನೆಯ ತಿಂಗಳಿಗೆ ಹೋದವು. ಎರಡನೆಯದು ಹೋದಾಗ, 1945ರ ಬೇಸಿಗೆಯಲ್ಲಿ, ರಕ್ತ ನಿಲ್ಲಲಿಲ್ಲ. ಸುಂಕಪ್ಪ ಅವಳನ್ನು ಹತ್ತಿಯ ಗಾಡಿಯಲ್ಲಿ ಮಲಗಿಸಿಕೊಂಡು ಹೆಂಗಸರ ದವಾಖಾನೆಗೆ ಒಯ್ದ.

ಅಲ್ಲಿ ಡಾಕ್ಟರ್ ಹಸೀನಾ ಬೇಗಂ ಇದ್ದರು. ಹೈದರಾಬಾದಿನಲ್ಲಿ ಓದಿ ಬಂದವರು. ಕನ್ನಡವನ್ನು ರೋಗಿಗಳ ಬಾಯಿಂದಲೇ ಕಲಿತದ್ದರಿಂದ ಅವರದು ಅಪ್ಪಟ ಓಣಿಯ ಕನ್ನಡ. ರಕ್ತ ನಿಂತು ಎರಡು ದಿನ ಕಳೆದ ಮೇಲೆ, ಹಾಸಿಗೆಯ ಬದಿಗೆ ಬಂದು ಕೂತರು.

"ಬಾಯಿ ತಗಿ," ಎಂದರು.

ಕಿಟಕಿಯ ಬೆಳಕಿಗೆ ಅವಳ ಮುಖ ತಿರುಗಿಸಿ, ತುಟಿ ಎತ್ತಿ ನೋಡಿದರು. ಒಸಡಿನ ಅಂಚಿಗೆ ಸೀಸದಕಡ್ಡಿಯಲ್ಲಿ ಎಳೆದಂತೆ ಒಂದು ನೀಲಿಗಪ್ಪು ಗೆರೆ.

"ಹಲ್ಲಿಗೆ ಕರಿ ಮಿಸ್ಸಿಪುಡಿ ಹಚ್ಚತಿಯೇನು?"

"ಇಲ್ರಿ ಅಮ್ಮಾರ. ನಮ್ಮಲ್ಲಿ ಹಚ್ಚಂಗಿಲ್ಲ."

"ಎರಡೂ ಕೈ ಮುಂದ ಚಾಚು."

ಚಾಚಿದಳು. ಬಲಗೈಯ ಮಣಿಕಟ್ಟು ಮೆಲ್ಲಗೆ ಕೆಳಗೆ ಜೋತಿತು. ಎತ್ತಲು ನೋಡಿದಳು, ಪೂರ್ತಿ ಏಳಲಿಲ್ಲ.

"ಏನು ಕೆಲಸ ಮಾಡ್ತಿ?"

"ಕಲಾಯಿ ಭಟ್ಟ್ಯಾಗ್ರಿ."

"ಕಲಾಯಿಗೆ ಏನು ಹಾಕ್ತೀರಿ?"

"ತವರ ರೀ," ಎಂದಳು ಪಕೀರಮ್ಮ. ಒಂದು ಗಳಿಗೆ ಬಿಟ್ಟು, "ಸೀಸಾನೂ ಹಾಕ್ತೀವ್ರಿ. ಯುದ್ಧ ಬಂದಾಗಿನಿಂದ."

ಹಸೀನಾ ಬೇಗಂ ಆ ಜೋತ ಕೈಯನ್ನು ಹಾಸಿಗೆಯ ಮೇಲಿಟ್ಟರು. ಆಮೇಲೆ ಮನೆಯಲ್ಲಿರುವ ಮಕ್ಕಳ ಬಗ್ಗೆ ಒಂದೊಂದಾಗಿ ಕೇಳಿದರು. ಅಮರಮ್ಮ ಹುಟ್ಟಿದ್ದು ಯಾವಾಗ, ಭಟ್ಟಿಗೆ ಸೇರಿದ್ದು ಯಾವಾಗ, ಸೀಸ ಬಂದದ್ದು ಯಾವಾಗ, ಸೂಗಮ್ಮ ಯಾವಾಗ. ಹೊರಗೆ ಅಜ್ಜಿಯ ತೊಡೆಯ ಮೇಲಿದ್ದ ಸೂಗಮ್ಮನನ್ನು ತರಿಸಿ, ಕಾಲು ಮಡಿಸಿ, ಕಣ್ಣಿನ ಮುಂದೆ ಬೆರಳಾಡಿಸಿ ನೋಡಿದರು.

"ಕೇಳು," ಎಂದರು. "ಬಸರು ನಿಂತದ ಅಂತ ನಿನಗ ಗೊತ್ತಾಗೋದ್ರಾಗs ಕೂಸಿನ ಮೆದುಳಿನ ಕೆಲಸ ಶುರು ಆಗಿರ್ತದ. ಮೊದಲು ಒಂದು ನಾಳ, ಜ್ವಾಳದ ಗರಿ ಸುತ್ತಿಕೊಂಡಂಗ. ಅದರ ತುದಿ ಉಬ್ಬಿ ಮೆದುಳು ಆಗ್ತದ. ಆಮ್ಯಾಲ ಒಂಬತ್ತು ತಿಂಗಳು ಅದಕ್ಕ ಬಿಡುವು ಇಲ್ಲ. ಒಳಗ ಹುಟ್ಟಿದ ಕಣ ಒಂದೊಂದೂ ತನ್ನ ಜಾಗ ಹುಡುಕ್ಕೊಂಡು ಹೋಗಿ ಕೂಡಬೇಕು. ಕೂತಲ್ಲಿಂದ ಎಳಿ ಬಿಟ್ಟು ಬಾಜೂದ್ದಕ್ಕ ಗಂಟು ಹಾಕಬೇಕು. ಮಗ್ಗದಾಗ ಹಾಸು ಹೂಡಿದಂಗ. ತಾಯಿ ರಕ್ತದಾಗ ವಿಷ ಇದ್ರ ಅದು ಕೂಸಿಗೂ ಹೋಗ್ತದ, ಎಳಿ ತಪ್ತಾವ. ಆಗ ತಪ್ಪಿದ್ದು ಆಮ್ಯಾಲ ತಿದ್ದಾಕ ಬರಂಗಿಲ್ಲ. ಸೀಸ ಅಂಥಾ ವಿಷ."

ಪಕೀರಮ್ಮ ಅತ್ತೆಯ ಮಾತನ್ನು ನೆನೆದು ಕೇಳಿದಳು:

"ಪಾತ್ರ್ಯಾಗ ನಿಂತು ತಿರುಗಿದ್ದಕ್ಕ ಅಲ್ರಿ?"

"ಅಲ್ಲ."

"ಗ್ರಹಣ?"

"ಅದೂ ಅಲ್ಲ. ಸೂಗಮ್ಮಗ ಹಿಂಗಾಗಿದ್ದು ಸೀಸದಿಂದs ಅಂತ ನಾ ಆಣಿ ಮಾಡಿ ಹೇಳಾಕ ಬರಂಗಿಲ್ಲ. ಹೆರಿಗಿ ಹೊತ್ತಿನಾಗ ಉಸಿರು ಕಟ್ಟಿದ್ರೂ ಹಿಂಗ ಆಗ್ತದ. ಬಸರಿನಾಗ ಜೋರು ಜ್ವರ ಬಂದ್ರೂ ಆಗ್ತದ. ಆದ್ರ ನಿನ್ನ ಒಸಡು ಸುಳ್ಳು ಹೇಳಂಗಿಲ್ಲ, ಹೋದ ಎರಡು ಬಸರೂ ಸುಳ್ಳು ಹೇಳಂಗಿಲ್ಲ."

ಭಟ್ಟಿ ಬಿಡಬೇಕು ಎಂದರು. ಸೀಸ ಸುಣ್ಣದ ಜತೆ ಎಲುಬಿನಲ್ಲಿ ಹೋಗಿ ಕೂತಿರುತ್ತದೆ, ಬಸಿರಾದಾಗ ಎಲುಬು ಕೂಸಿಗೆ ಸುಣ್ಣ ಕೊಡುವ ಹೊತ್ತಿಗೆ ಸೀಸವನ್ನೂ ಕೊಡುತ್ತದೆ, ಅದಕ್ಕೇ ಇನ್ನು ಮೂರು ನಾಲ್ಕು ವರ್ಷ ಬಸಿರು ಬೇಡ ಎಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ತಿರುಗಿ ಕೇಳಿದರು:

"ಆ ಕಲಾಯಿ ಪಾತ್ರಿ ಎಷ್ಟು ಮನಿಗೆ ಹೋಗ್ಯಾವ? ಹುಣಸಿ ಹುಳಿ ಕುದಿಸಿದ್ರ ಸೀಸ ಬಿಡ್ತದ. ಉಣ್ಣೋರ ಪೈಕಿ ಬಸುರ್ಯಾರೂ ಇರ್ತಾರ."

ಪಕೀರಮ್ಮ ಮೂರು ವರ್ಷದಲ್ಲಿ ತಾನು ಬೆಳಗಿ, ತಿದಿ ಒತ್ತಿ, ಬಟ್ಟೆಯಲ್ಲಿ ಒರೆಸಿ ಕೊಟ್ಟ ಪಾತ್ರೆಗಳನ್ನು ನೆನೆಯುತ್ತ ಮಲಗಿದಳು. ಖಾನಾವಳಿಗಳು, ವಕೀಲರ ಮನೆ, ಮದುವೆಯ ಹಂಡೆಗಳು. ಎರಡು ವರ್ಷ ಎಲ್ಲರೂ ಅವಳ ತಲೆಗೆ ಕಟ್ಟಿದ್ದ ತಪ್ಪು ಅವಳದಾಗಿರಲಿಲ್ಲ. ಅವಳದಲ್ಲ ಎಂದು ತಿಳಿದ ಆ ಮಧ್ಯಾಹ್ನವೇ ಇನ್ನೊಂದು ತಪ್ಪಿನಲ್ಲಿ ತನ್ನ ಕೈಯೂ ಇದೆ ಎಂದು ತಿಳಿಯಿತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಮುಂದೆ ಎಂದೂ ಪೂರ್ತಿ ಆರಲಿಲ್ಲ.

ವಾರ ಕಳೆದು ನಡೆಯುವಂತಾದ ಮೇಲೆ ನೇರ ಭಟ್ಟಿಗೆ ಹೋದಳು. ಪೀರಾ ಸಾಬ ಒಬ್ಬನೇ ತಿದಿ ಒತ್ತುತ್ತಿದ್ದ. ಅವಳು ಕಡ್ಡಿಯೊಂದನ್ನು ಎತ್ತಿಕೊಂಡು ಅವನ ಕಿವಿಯ ಬಳಿ ಹಿಡಿದು ಬಗ್ಗಿಸಿದಳು. ಕಡ್ಡಿ ಸದ್ದಿಲ್ಲದೆ ಬಾಗಿತು.

"ಕೇಳಸ್ತೇನು ಕಾಕಾ?"

ಅವನು ತಲೆ ತಗ್ಗಿಸಿದ. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಹೇಳಿದಳು. ಮುಗಿಯುವ ತನಕ ಅವನು ತಿದಿಯ ಮೇಲಿನ ಕೈ ತೆಗೆಯಲಿಲ್ಲ, ಒತ್ತಲೂ ಇಲ್ಲ.

"ನನಗ ಗೊತ್ತಿರಲಿಲ್ಲ ಪಕೀರವ್ವ. ಕಲಾಯಿ ಬಾಳಕಿ ಬರಂಗಿಲ್ಲ ಅನ್ನೂದು ಗೊತ್ತಿತ್ತು. ಕೂಸಿಗೆ ಹಿಂಗ ಅಂತ ಅಲ್ಲಾನ ಆಣಿಗೂ ಗೊತ್ತಿರಲಿಲ್ಲ."

"ಈಗ ಗೊತ್ತಾತಲ್ಲ."

"ಗೊತ್ತಾತು. ಏನು ಮಾಡಲಿ? ಭಟ್ಟಿ ಅವನ ಜಾಗದಾಗ ಅದ. ತವರ ಅವನ ಕೈಯಾಗ ಅದ."

"ನೀ ಏನ್ ಮಾಡ್ತಿ ಅಂತ ನಾ ಕೇಳಾಕ ಬಂದಿಲ್ಲ. ನಾ ಏನ್ ಮಾಡ್ತೀನಿ ಅಂತ ಹೇಳಾಕ ಬಂದೀನಿ," ಎಂದು ಹೊರಟಳು.

ಆ ದಿನ ಸಂತೆ. ರಾಮಲಿಂಗಪ್ಪನ ಅಂಗಡಿಯ ಮುಂದೆ ಹೆಂಗಸರ ಗುಂಪು ನೆರೆದಿತ್ತು. ಹೊಸ ಕಲಾಯಿಯ ಬೋಗುಣಿಗಳನ್ನು ಬಿಸಿಲಿಗೆ ಸಾಲಾಗಿ ಇಟ್ಟಿದ್ದರು. ಪಕೀರಮ್ಮ ಸೂಗಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು. ಕೈಯಲ್ಲಿ ಒಗೆದ ಬಿಳಿ ಅರಿವೆಯ ಒಂದು ತುಂಡು, ಸುಂಕಪ್ಪನ ಹಳೆಯ ಧೋತರದ್ದು. ಒಳ್ಳೆಯ ತವರಕ್ಕೆ ಬಿಳಿ ಬಟ್ಟೆ ಉಜ್ಜಿದರೆ ಬಟ್ಟೆ ಬಹುಪಾಲು ಬಿಳಿಯಾಗೇ ಇರುತ್ತದೆ, ಸೀಸವಾದರೆ ಕಾಡಿಗೆ ಒರೆಸಿದಂತಾಗುತ್ತದೆ ಎಂಬುದು ಭಟ್ಟಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವಳು ಮೊದಲನೆಯ ಬೋಗುಣಿಯ ಒಳಗೆ ಅರಿವೆ ಒತ್ತಿ ಉಜ್ಜಿ, ಎತ್ತಿ ಹೆಂಗಸರಿಗೆ ತೋರಿಸಿದಳು. ಕಪ್ಪಾಗಿತ್ತು. ಎರಡನೆಯದು, ಮೂರನೆಯದು.

ರಾಮಲಿಂಗಪ್ಪ ಗಾದಿಯಿಂದ ಎದ್ದು ಬಂದ.

"ಏನ್ ನಡಸಿದಿ? ಸರಕು ಮುಟ್ಟಬ್ಯಾಡ."

"ಮೂರು ವರ್ಷ ಇದರಾಗ ಕಾಲಿಟ್ಟು ತುಳದೀನಿ ಸಾವ್ಕಾರ್ರ. ಈಗ ಕೈ ಇಟ್ಟರ ಏನಾಗ್ತದ? ತವರದ ಹೆಸರಿಲೆ ಸೀಸ ಬಳದು ಮಾರಾಕತ್ತೀರಿ. ಇದು ಬಸುರ್ಯಾರ ಹೊಟ್ಟ್ಯಾಗಿನ ಕೂಸಿನ ತಲಿಗೆ ಹೋಗ್ತದಂತ, ದವಾಖಾನಿ ಡಾಕ್ಟರಮ್ಮಾರು ಹೇಳ್ಯಾರ."

"ಊರ ಮಂದಿ ಎಲ್ಲ ಉಣ್ಣಾಕತ್ತಾರ. ಯಾರು ಸತ್ತಾರ?"

"ಸತ್ತಾರೋ ಇಲ್ಲೋ ನನಗ ಗೊತ್ತಿಲ್ಲ. ಹುಟ್ಟದವರನ್ನ ಯಾರು ಎಣಸ್ಯಾರ?"

ಹೆಂಗಸರಲ್ಲಿ ಒಬ್ಬಳು ತಾನು ಆರಿಸಿಟ್ಟಿದ್ದ ಬೋಗುಣಿಯನ್ನು ಮೆಲ್ಲಗೆ ಸಾಲಿಗೆ ವಾಪಸಿಟ್ಟಳು. ರಾಮಲಿಂಗಪ್ಪನಿಗೆ ಅದೇ ಸಾಕಾಯಿತು. ಹುಚ್ಚುಕೂಸು ಹಡೆದವಳು ಊರ ಮೇಲೆ ಕಾರುತ್ತಿದ್ದಾಳೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಆಳುಗಳಿಂದ ಅವಳನ್ನು ರಸ್ತೆಗೆ ತಳ್ಳಿಸಿದ. ಅವಳು ಬೀಳಲಿಲ್ಲ. ಸೂಗಮ್ಮನ ತಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಅರಿವೆಯನ್ನು ಅಂಗಡಿಯ ಕಂಬದ ಮೊಳೆಗೆ ಸಿಕ್ಕಿಸಿ ಬಂದಳು.

ಜಿನ್ನಿನ ಮಾಲಕರು ರಾಮಲಿಂಗಪ್ಪನ ಬೀಗರು. ಮರುವಾರ ಸುಂಕಪ್ಪನಿಗೆ ಕೆಲಸವಿಲ್ಲ ಎಂದರು. ಹೆಂಡತಿ ಹೋಗಿ ಕೈಮುಗಿದು ತಪ್ಪಾಯಿತೆಂದರೆ ನೋಡೋಣ ಎಂದೂ ಹೇಳಿ ಕಳಿಸಿದರು. ಸುಂಕಪ್ಪ ಮನೆಗೆ ಬಂದು ಕೂತು ಕೇಳಿದ:

"ಹೇಳ್ತಿಯೇನು ತಪ್ಪಾತು ಅಂತ?"

"ಏನು ತಪ್ಪಾತು ಅಂತ ಹೇಳಲಿ? ನೀನs ಹೇಳು, ಹಂಗs ಹೇಳಿ ಬರ್ತೀನಿ."

ಅವನು ಸೂಗಮ್ಮನ ಕಡೆ ನೋಡಿದ. ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಬೆರಳು ಒಂದೊಂದಾಗಿ ಬಿಡಿಸಿದ. ಅವು ಮತ್ತೆ ಮುಚ್ಚಿಕೊಂಡವು.

"ನನಗೂ ಹೊಳಿವಲ್ದು. ನಡಿ, ದೇವದುರ್ಗಕ್ಕ ಹೋಗೂಣು," ಎಂದ.

ಬಸ್ಸಮ್ಮ ಗೊಣಗುತ್ತಲೇ ಗಂಟು ಕಟ್ಟಿದಳು. ಆದರೆ ದಾರಿಯಲ್ಲಿ, ಗಾಡಿಯಲ್ಲಿ ಜತೆಗಿದ್ದ ಹೆಂಗಸೊಬ್ಬಳು ಮಗುವನ್ನು ನೋಡಿ ಯಾವ ಪಾಪವೋ ಎಂದಾಗ, "ಪಾಪ ಅಲ್ಲವ್ವ, ಸೀಸ," ಎಂದವಳು ಬಸ್ಸಮ್ಮನೇ.

ದೇವದುರ್ಗದ ಸಂತೆಗೂ ಕಲಾಯಿಯವರು ಬರುತ್ತಿದ್ದರು, ಅವರ ಕಡ್ಡಿಗಳೂ ರಾಯಚೂರಿನಿಂದಲೇ ಬಂದವು. ಪಕೀರಮ್ಮ ಪ್ರತಿ ಸಂತೆಗೂ ಹೋಗಿ, ಕಲಾಯಿಗೆ ಪಾತ್ರೆ ತಂದ ಹೆಂಗಸರಿಗೆ ಅರಿವೆ ಉಜ್ಜಿ ತೋರಿಸಿದಳು. ಕೆಲವರು ನಂಬಿದರು, ಹೆಚ್ಚಿನವರು ನಕ್ಕರು. ಒಂದು ದಿನ ಬಸುರಿ ಮಗಳನ್ನು ಕರೆದುಕೊಂಡು ಬಂದ ತಾಯಿಯೊಬ್ಬಳು ಸೂಗಮ್ಮನನ್ನು ಕಂಡು, ಮಗಳ ಕಣ್ಣಿಗೆ ಸೆರಗು ಮುಚ್ಚಿದಳು.

"ಇಂಥಾ ಕೂಸಿನ್ನ ಬಸುರ್ಯಾರ ಮುಂದ ತರಬ್ಯಾಡವ್ವ. ನೋಡಿದವರಿಗೂ ಇಂಥಾದs ಆಗ್ತದ."

"ನನ್ನ ಮಗಳನ್ನ ನೋಡಿದ್ರ ಯಾರಿಗೂ ಏನೂ ಆಗಂಗಿಲ್ಲ," ಎಂದಳು ಪಕೀರಮ್ಮ. "ಕಣ್ಣು ಮುಚ್ಚಬ್ಯಾಡ. ಕೈಯಾಗಿನ ಬೋಗುಣಿ ಮುಚ್ಚಿಡು."

ಮನೆಗೆ ಬಂದ ಮೇಲೆ ಅವಳ ಅವ್ವ ಹೇಳಿದಳು, ಊರ ಬಾಯಿಗೆ ಬೀಳುವ ಬದಲು ಕೂಸನ್ನು ಮನೆಯಲ್ಲಿ ಬಿಟ್ಟು ಹೋಗಬಾರದೇ ಎಂದು. ಪಕೀರಮ್ಮ ಒಪ್ಪಲಿಲ್ಲ. ಎಲ್ಲರ ಮಕ್ಕಳೂ ಸಂತೆ ನೋಡುತ್ತಾರೆ, ಇವಳೂ ನೋಡಲಿ ಎಂದಳು. ಸೂಗಮ್ಮನಿಗೆ ಗದ್ದಲ ಇಷ್ಟ. ಬಳೆಗಾರನ ಮುಂದೆ ನಿಂತರೆ ಬಳೆಗಳ ಸದ್ದಿಗೆ ಅವಳ ಮುಖ ಆ ಕಡೆಗೆ ತಿರುಗತೊಡಗಿತ್ತು.

ಹತ್ತಿ ಬಿಡಿಸುವ ಕಾಲಕ್ಕೆ ಕೂಲಿಗೆಂದು ಮಾನ್ವಿಯ ಕಡೆ ಹೋದರು. ಅಲ್ಲಿ ಕಾಳಿನ ದಲಾಲಿಯ ದೊಡ್ಡ ಮನೆಯೊಂದು. ಆ ಮನೆಯವರ ಹೊಲದಲ್ಲೇ ಕೆಲಸ, ಸಂಜೆ ಹಿತ್ತಲಲ್ಲಿ ಹತ್ತಿ ತೂಕಕ್ಕೆ ಕೊಡಬೇಕು. ಸೊಸೆ ಗೋಪಮ್ಮನಿಗೆ ಇಪ್ಪತ್ತೆರಡು ವರ್ಷ. ಮೂರು ಬಸಿರು ಹೋಗಿದ್ದವು, ಮೂರನೆಯದು ಏಳು ತಿಂಗಳಲ್ಲಿ, ಸತ್ತೇ ಹುಟ್ಟಿತ್ತು. ಗಂಡನಿಗೆ ಇನ್ನೊಂದು ಹೆಣ್ಣು ನೋಡಿದ್ದಾರೆ, ಯುಗಾದಿ ಕಳೆದ ಮೇಲೆ ಮದುವೆ ಎಂದು ಕೂಲಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಬೋಗುಣಿಗಳನ್ನು ಪಕೀರಮ್ಮ ದೂರದಿಂದಲೇ ಗುರುತಿಸಿದಳು. ಕಪ್ಪಗಾಗುತ್ತಿದ್ದ ಆ ಮಂಕು ಹೊಳಪು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕಾರ," ಎಂದು ಕಟ್ಟೆಯ ಬಳಿಯಿದ್ದ ಗೋಪಮ್ಮನನ್ನು ಕರೆದಳು. "ಸಾರು ಕುದಸೋ ಬೋಗುಣಿ ಒಂದು ಈಕಡೆ ತರ್ತೀರೇನ್ರಿ?"

ಒಳಗಿನಿಂದ ಅತ್ತೆಯ ಗದರಿಕೆ ಬಂತು. ಅಡಿಗೆಮನೆಯ ಪಾತ್ರೆಯನ್ನು ಕೂಲಿಯವರ ಮುಂದೆ ಒಯ್ಯುವುದೇ ಎಂದು. ಗೋಪಮ್ಮ ಬೋಗುಣಿಯನ್ನು ಎತ್ತಿಕೊಂಡು ಅಂಗಳ ದಾಟಿ ಬಂದು, ಪಕೀರಮ್ಮನ ಕೈಗೇ ಕೊಟ್ಟಳು. ಅರಿವೆ ಕಪ್ಪಾದದ್ದನ್ನು ನೋಡಿದಳು. ದವಾಖಾನೆಯ ಮಾತನ್ನೆಲ್ಲ ಕೇಳಿದಳು. ಸೂಗಮ್ಮನ ಕೆನ್ನೆ ಮುಟ್ಟಿ ನೋಡಿದಳು.

"ನನ್ನ ಮಡ್ಲಾಗ ದೋಷ ಅದ ಅಂತ ಮೂರು ಸಲ ಶಾಂತಿ ಮಾಡಿಸ್ಯಾರ," ಎಂದಳು.

"ಇದs ಅಂತ ನಾ ಆಣಿ ಮಾಡಂಗಿಲ್ರಿ. ಡಾಕ್ಟರಮ್ಮಾರೂ ಮಾಡಲಿಲ್ಲ. ಮಣ್ಣಿನ ಗಡಿಗ್ಯಾಗ ಅಡಿಗಿ ಮಾಡಿ ಒಂದು ವರ್ಷ ನೋಡ್ರಿ. ಅದಕ್ಕ ನಿಮ್ಮ ಗಂಟೇನು ಹೋಗ್ತದ?"

ಮರುದಿನ ಗೋಪಮ್ಮ ಮನೆಯ ಕಲಾಯಿ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ಕುಂಬಾರರ ಗಡಿಗೆ ತರಿಸಿದಳು. ಕೂಲಿಯವರ ಮನೆಯಂತೆ ಗಡಿಗೆಯಲ್ಲಿ ಉಣ್ಣುವುದು ನಾಚಿಕೆಗೇಡು ಎಂದು ಅತ್ತೆ ಎರಡು ದಿನ ಊಟ ಬಿಟ್ಟಳು. ಗೋಪಮ್ಮ ಗಂಡನಿಗೆ ಹೇಳಿದಳಂತೆ, ಮದುವೆ ಒಂದು ವರ್ಷ ತಡೆಯಿರಿ, ಆಮೇಲೂ ನನ್ನ ಮಡಿಲು ತುಂಬದಿದ್ದರೆ ನಾನೇ ಬಂದು ಅಕ್ಷತೆ ಹಾಕುತ್ತೇನೆ ಎಂದು. ಅವನು ತಡೆದ. 1947ರಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. ತುಂಬು ತಿಂಗಳ ಮಗು, ಹುಟ್ಟಿದ ಕೂಡಲೇ ಮನೆ ಎದ್ದು ಕೂರುವಂತೆ ಅತ್ತಿತಂತೆ. ಗಡಿಗೆಯಿಂದಲೋ, ಶಾಂತಿಯಿಂದಲೋ, ಸುಮ್ಮನೆಯೋ ಯಾರು ಹೇಳಬಲ್ಲರು. ಮಾನ್ವಿಯ ಹೆಂಗಸರು ಮಾತ್ರ ಗಡಿಗೆಯಿಂದ ಎಂದೇ ಹೇಳಿದರು. ಆ ವರ್ಷ ಕುಂಬಾರರಿಗೆ ಕೈತುಂಬ ಕೆಲಸ.

ಅಷ್ಟರಲ್ಲಿ ಯುದ್ಧ ಮುಗಿದು ತವರ ಮತ್ತೆ ಬರತೊಡಗಿತ್ತು. ರಾಯಚೂರಿಗೆ ತಿರುಗಿ ಬರ್ರಿ ಎಂದು ಪೀರಾ ಸಾಬ ಹೇಳಿ ಕಳಿಸಿದ. ಪಕೀರಮ್ಮ ಊರು ಬಿಟ್ಟ ಮೇಲೂ ಗಿರಾಕಿ ಹೆಂಗಸರು ಬಿಳಿ ಅರಿವೆ ಹಿಡಿದುಕೊಂಡೇ ಬರುತ್ತಿದ್ದರು, ಉಜ್ಜಿ ನೋಡದೆ ಪಾತ್ರೆ ಒಯ್ಯುತ್ತಿರಲಿಲ್ಲ. ಅವರಿಗೆ ಉತ್ತರ ಹೇಳಲಾಗದೆ ಅವನು ರಾಮಲಿಂಗಪ್ಪನ ಜಾಗ ಬಿಟ್ಟು, ಆಮ್ ತಾಲಾಬ್ ಎಂಬ ಕೆರೆಯ ದಂಡೆಯಲ್ಲಿ ಸ್ವಂತ ಭಟ್ಟಿ ಹೂಡಿದ್ದ. ರಾಮಲಿಂಗಪ್ಪನ ವ್ಯಾಪಾರ ಮುಳುಗಲೇನೂ ಇಲ್ಲ. ಅವನು ಅಲ್ಯೂಮಿನಿಯಮ್ ಪಾತ್ರೆ ತರಿಸಿ ಇನ್ನೂ ಗಟ್ಟಿಯಾದ. ಅವನ ಮೇಲೆ ಯಾವ ಖಟ್ಲೆಯೂ ಆಗಲಿಲ್ಲ. ಕಲಾಯಿಯಲ್ಲಿ ಸೀಸ ಹಾಕಬಾರದೆಂಬ ಕಾನೂನು ಆಗ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಲ್ಲರೂ ರಾಯಚೂರಿಗೆ ಮರಳಿದರು. ಸುಂಕಪ್ಪ ಸ್ಟೇಶನ್ನಿನ ಹಮಾಲಿ ಹಿಡಿದ. ಪಕೀರಮ್ಮ ಭಟ್ಟಿಯ ಹತ್ತಿರ ಮತ್ತೆ ಸುಳಿಯಲಿಲ್ಲ. ತಾಲಾಬಿನ ದಂಡೆಯಲ್ಲೇ ಗಡಿಗೆ ಮಾರಲು ಕೂತಳು. ಬಸುರಿ ಹೆಣ್ಣುಮಕ್ಕಳನ್ನು ಭಟ್ಟಿಯ ಕೆಲಸಕ್ಕೆ ಹಚ್ಚುವುದಿಲ್ಲ ಎಂದು ಪೀರಾ ಸಾಬನಿಂದ ಮಾತು ತೆಗೆದುಕೊಂಡಿದ್ದಳು, ಅವನು ಅದನ್ನು ಉಳಿಸಿಕೊಂಡ. ವಂಶಕ್ಕೊಂದು ಗಂಡು ಬೇಡವೇ ಎಂದು ಬಸ್ಸಮ್ಮ ಆಗಾಗ ತೆಗೆಯುತ್ತಿದ್ದಳು.

"ಎಲುಬಿನಾಗಿನ ಸೀಸ ಹೋಗಿಲ್ಲತ್ತಿ. ಹೋತು ಅಂತ ಯಾರರ ಬಂದು ಹೇಳಿದ್ರ ಆಗ ನೋಡೂಣು," ಎನ್ನುವಳು ಪಕೀರಮ್ಮ. ಯಾರೂ ಬಂದು ಹೇಳಲಿಲ್ಲ. ಹಸೀನಾ ಬೇಗಂರಿಗೆ ಬೇರೆ ಊರಿಗೆ ಬದಲಿಯಾಗಿತ್ತು. ಅವಳು ಮತ್ತೆ ಹಡೆಯಲಿಲ್ಲ.

ಸೂಗಮ್ಮ ನಾಲ್ಕು ವರ್ಷಕ್ಕೆ ಆಸರೆಯಿಲ್ಲದೆ ಕೂತಳು. ಐದಕ್ಕೆ ಗೋಡೆ ಹಿಡಿದು ನಿಂತಳು. ಸೆಳವು ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಮಾತು ಬರಲಿಲ್ಲ. ಅಕ್ಕ ಅಮರಮ್ಮನನ್ನು ಕಂಡರೆ ಮಾತ್ರ ಒಂದು ಸದ್ದು ಮಾಡುತ್ತಿದ್ದಳು. ಅದು ಅಕ್ಕನ ಹೆಸರೇ ಎಂದು ಅಮರಮ್ಮ ಹೇಳುತ್ತಿದ್ದಳು, ಅವಳ ಮಾತನ್ನು ಯಾರೂ ತೆಗೆದುಹಾಕಲಿಲ್ಲ.

1949ರಲ್ಲಿ, ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಓಣಿಯ ಹತ್ತಿರ ಕನ್ನಡ ಶಾಲೆ ಶುರುವಾಯಿತು. ಪಕೀರಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ತಲೆ ಬಾಚಿ ಕರೆದುಕೊಂಡು ಹೋದಳು. ಹತ್ತು ವರ್ಷದ ಅಮರಮ್ಮ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ಮಾಸ್ತರರು ಅಮರಮ್ಮನ ಹೆಸರು ಬರೆದು ಹಾಜರಿ ಪುಸ್ತಕ ಮುಚ್ಚಿದರು.

"ಇನ್ನೊಂದು ಹೆಸರು ಅದ ಮಾಸ್ತರ್ರ. ಸೂಗಮ್ಮ."

"ಈ ಕೂಸು ಏನು ಕಲೀತದವ್ವ? ಅದಕ್ಕ ಬುದ್ಧಿ ಇಲ್ಲಲ್ಲ."

"ಐತ್ರಿ. ಎಷ್ಟು ಐತಿ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾಕು ವರ್ಷ ತಗೊಂಡು ಕೂಡಾಕ ಕಲತಾಳ. ಬೆನ್ನು ನೆಟ್ಟಗ ಇಟ್ಟು ಕೂಡ್ತಾಳ. ನಿಮ್ಮ ಸಾಲ್ಯಾಗ ಹಂಗ ಕೂಡೋರು ಎಷ್ಟು ಮಂದಿ ಅದಾರ ತೋರಸ್ರಿ."

ಮಾಸ್ತರರು ನಕ್ಕರು, ಆಮೇಲೆ ಅವಳು ನಗುತ್ತಿಲ್ಲ ಎಂದು ಕಂಡು ಪುಸ್ತಕವನ್ನು ಬದಿಗೆ ಸರಿಸಿದರು. ಇಂಥ ಮಕ್ಕಳನ್ನು ಸೇರಿಸಿಕೊಂಡರೆ ಮೇಲಿನವರು ಕೇಳುತ್ತಾರೆ ಎಂದರು. ಕೇಳಿದರೆ ಆಮ್ ತಾಲಾಬಿಗೆ ಕಳಿಸಿ, ನಾನು ಹೇಳುತ್ತೇನೆ ಎಂದಳು ಪಕೀರಮ್ಮ. ಅವಳು ಹೊಸ್ತಿಲಲ್ಲೇ ಕೂತಳು. ಹೊತ್ತು ಮೇಲೇರಿತು, ಮಕ್ಕಳು ಅವಳನ್ನು ದಾಟಿಕೊಂಡು ಒಳಗೆ ಹೊರಗೆ ಓಡಾಡಿದರು, ಅವಳು ಏಳಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲು ಮಾಸ್ತರರು ಪುಸ್ತಕ ತೆರೆದು, ಅಮರಮ್ಮನ ಕೆಳಗಿನ ಸಾಲಿನಲ್ಲಿ ಸೂಗಮ್ಮ ಎಂದು ಬರೆದರು.

"ತಂದಿ ಹೆಸರು?" ಎಂದು ಕೇಳಿದರು.

"ಸುಂಕಪ್ಪ," ಎಂದಳು. "ತಾಯಿ ಹೆಸರೂ ಬರ್ಕೊಳ್ರಿ."

ಅಂಥ ಕಾಲಮು ಪುಸ್ತಕದಲ್ಲಿ ಇರಲಿಲ್ಲ. ಮಾಸ್ತರರು ಅಂಚಿನ ಖಾಲಿ ಜಾಗದಲ್ಲಿ ಸಣ್ಣದಾಗಿ ಬರೆದರು.